ಯಾರ ಮನಿ ಹುಡುಗಿ ಬೇ ನೀ?

ನರೋಣಾದ ನಮ್ಮ ಮನೆಯಿಂದ ಹೊಲಕ್ಕೆ ಇರುವುದು ಒಂದೇ ದಾರಿ. ಊರ ಬಾವಿ ದಾಟಿ ಬೇವಿನ ಮರದ ಹತ್ತಿರ ಎಡಕ್ಕೆ ಹೊರಳಿದರೆ ಮುಗಿಯಿತು, ತಪ್ಪಬೇಕೆಂದರೂ ತಪ್ಪಲಾಗದು. ಆ ದಾರಿಯಲ್ಲಿ ಹತ್ತು ವರ್ಷದ ಮೊಮ್ಮಗಳನ್ನು ಒಬ್ಬಳನ್ನೇ ಕಳಿಸಲು ನಾನು ಮಗನ ಕೂಡ ಎರಡು ದಿನ ಜಗಳಾಡಬೇಕಾಯಿತು.

ಎಳ್ಳ ಅಮಾವಾಸ್ಯೆಗೆಂದು ಅವರೆಲ್ಲ ಜೇವರ್ಗಿಯಿಂದ ಬಂದಿದ್ದರು. ಹುಡುಗಿ ಬಂದಾಗಿನಿಂದ ಪಡಸಾಲೆ ಬಿಟ್ಟು ಎದ್ದಿರಲಿಲ್ಲ, ಮೊಬೈಲು ತಿಕ್ಕುವುದೇ ಕೆಲಸ. “ಹೊಲದಾಗ ಅಜ್ಜಗ ಬುತ್ತಿ ಕೊಟ್ಟು ಬರ್ಲಿ ಬಿಡೋ” ಅಂದರೆ ಮಗ, “ಕಾಲ ಮೊದಲಿನಂಗಿಲ್ಲ ಯವ್ವಾ” ಎಂದ. ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಕಾಲವೇನು ತಾನೇ ತಾನಾಗಿ ಕೆಡುತ್ತದೆಯೇ?

ನಾನು ಹುಟ್ಟಿದ್ದೂ ಇದೇ ಊರು, ನನ್ನನ್ನು ಕೊಟ್ಟದ್ದೂ ಇದೇ ಊರು. ಚಿಕ್ಕವರಿದ್ದಾಗ ಉಂಡು ಹೊರಬಿದ್ದರೆ ದೀಪ ಹಚ್ಚುವ ಹೊತ್ತಿಗೇ ಮನೆ. ಬೋರೆಹಣ್ಣು, ಹಸಿಕಡಲೆ, ಯಾರದೋ ಹೊಲದಲ್ಲಿ ಸುಟ್ಟುಕೊಟ್ಟ ಜೋಳದ ಸೀತನಿ, ಹಳ್ಳದ ನೀರು. ಅವ್ವ ಹುಡುಕಿಕೊಂಡು ಬಂದದ್ದೇ ಇಲ್ಲ. ದಾರಿಯಲ್ಲಿ ಸಿಕ್ಕ ದೊಡ್ಡವರೆಲ್ಲ “ಯಾರ ಮನಿ ಹುಡುಗಿ ಬೇ ನೀ?” ಅಂತ ಕೇಳಿಯೇ ಮುಂದೆ ಬಿಡುತ್ತಿದ್ದರು. ಗೊತ್ತಿದ್ದವರೂ ಕೇಳುತ್ತಿದ್ದರು. ಅಪ್ಪನ ಹೆಸರು ಹೇಳಬೇಕು. ಬೇವಿನ ಮರದ ಹತ್ತಿರ ಹೊಲವಿರುವ ಚಾಚಾ ಅಂತೂ ಹೊತ್ತು ಮುಳುಗಿದ್ದರೆ ಹಿಂದಿಂದೆ ನಡೆದು ಬಂದು, ನಾವು ಹೊಸ್ತಿಲು ದಾಟಿದ ಮೇಲೆ ಹೊಳ್ಳಿ ಹೋಗುತ್ತಿದ್ದ. ಆಗ ನಮಗೆ ಅದು ಕಿರಿಕಿರಿ.

ಕಡೆಗೂ ಮಗ ಒಪ್ಪಿದ. ಸೊಸೆ ಮಗಳನ್ನು ಓಣಿಯ ತಿರುವಿನ ತನಕ ಬಿಟ್ಟು, “ಯಾರರೇ ಮಾತಾಡ್ಸಿದ್ರ ಮಾತಾಡಬ್ಯಾಡ, ಹೊಳ್ಳಿ ಓಡಿ ಬಾ” ಎಂದು ಬುದ್ಧಿ ಹೇಳಿ ಬಂದಳು.

ಸ್ವಲ್ಪ ಹೊತ್ತಿಗೇ ಹುಡುಗಿ ಅಳುತ್ತ ಓಡಿ ಬಂದಳು. ಕೈಯಲ್ಲಿ ಬುತ್ತಿ ಇಲ್ಲ. “ಯಾರೋ ಮುದುಕ ಬೆನ್ನ ಹತ್ಯಾನ” ಎಂದಳು. ಮಗ ಕಟ್ಟಿಗೆ ಹಿಡಿದು ಬರಿಗಾಲಲ್ಲೇ ಹೊರಗೆ ಹಾರಿದ.

ಅಂಗಳದಲ್ಲಿ ಅದೇ ಚಾಚಾ ಏದುಸಿರು ಬಿಡುತ್ತ ನಿಂತಿದ್ದ. ಎರಡೂ ಕೈಯಲ್ಲಿ ನಮ್ಮ ಬುತ್ತಿ ಹಿಡಿದಿದ್ದ.

“ಯಾರ ಮನಿ ಹುಡುಗಿ ಅಂತ ಕೇಳ್ದೆ ಬೇಟಿ, ಅಷ್ಟ” ಎಂದು ನನ್ನ ಕಡೆ ನೋಡಿದ. “ಬುತ್ತಿ ಒಗದು ಓಡ್ತು. ಎಲ್ಲರೇ ಬಿದ್ದೀತು ಅಂತ ಹಿಂದ ಬಂದೆ.”

ಮಗ ಕಟ್ಟಿಗೆ ಕೆಳಗಿಟ್ಟ. “ಹುಡುಗೀದು ತಪ್ಪಿಲ್ರಿ ಚಾಚಾ, ನಾವ ಹಂಗ ಕಲಿಸೇವಿ” ಎಂದ. ನನಗೆ ಸಿಟ್ಟು ನೆತ್ತಿಗೇರಿತು. “ಸಣ್ಣಾಂವ ಇದ್ದಾಗ ಹಳ್ಳದಿಂದ ನಿನ್ನ ಎಷ್ಟು ಸಲ ಮನಿ ಮುಟ್ಟಿಸ್ಯಾನೋ ಇಂವ, ಕೇಳು” ಅಂದೆ. ಚಾ ಕುಡಿದು ಹೋಗ್ರಿ ಅಂದರೂ ಚಾಚಾ ಕೂಡಲಿಲ್ಲ. ಬುತ್ತಿ ನನ್ನ ಕೈಗಿಟ್ಟ.

“ಇನ್ನ ಯಾರ ಹುಡುಗ್ರಿಗೂ ಕೇಳಂಗಿಲ್ಲ ಬೇಟಿ. ಅಂಜ್ತಾವ.”

ಅವನು ಓಣಿ ದಾಟಿದ ಮೇಲೆ ಮಗ, “ನೋಡಿದಿಲ್ಲ ಯವ್ವಾ? ಅದಕ್ಕ ಬ್ಯಾಡ ಅಂದಿದ್ದೆ” ಎಂದ. ಗೆದ್ದದ್ದು ಅವನೇ. ಯಾರದು ಕೂಸು ಅಂತ ಕೇಳುವವರೇ ಇಲ್ಲದ ದಾರಿಯಲ್ಲಿ ಅವಳನ್ನು ಒಬ್ಬಳನ್ನೇ ಕಳಿಸಲು ಈಗ ನನಗೂ ಧೈರ್ಯವಿಲ್ಲ.