ಅಕ್ಕೋರ ‘ಪುಕಟ್’ ಕಾಲಂ

ಯಾರಾದರೂ ‘ಇದರಲ್ಲಿ ಉಳಿತಾಯವಿದೆ’ ಎಂದರೆ ಸಾಕು, ಅವರ ಎಡಹುಬ್ಬು ಮೇಲೇರುತ್ತಿತ್ತು; ಬಲಗಡೆಯದು ಕದಲುತ್ತಿರಲಿಲ್ಲ. ಹುಮನಾಬಾದಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅವರನ್ನು ಊರೆಲ್ಲ ‘ಅಕ್ಕೋರು’ ಎನ್ನುತ್ತಿತ್ತು. ಎಂ.ಎ. ತರಗತಿಯಲ್ಲಿ ನನ್ನ ಸಹಪಾಠಿ. ಅಂತಿಮ ಪರೀಕ್ಷೆಯಲ್ಲಿ ನಾನು ಮೊದಲಿಗ, ಅವರು ಎರಡನೆಯವರು. ಈ ಸಂಗತಿಯನ್ನು ನನ್ನ ಹೊರತು ಯಾರೂ ನೆನಪಿಟ್ಟುಕೊಂಡಿಲ್ಲ.

ಅವರು ಸಿದ್ಧಪಡಿಸುವ ಪ್ರತಿ ಕೋಷ್ಟಕದ ಕೊನೆಯ ಕಾಲಮ್ಮಿಗೆ ‘ಪುಕಟ್’ ಎಂಬ ತಲೆಬರಹವಿರುತ್ತಿತ್ತು. ನಮ್ಮ ಕಡೆ ಪುಕಟ್ ಎಂದರೆ ಬಿಟ್ಟಿ. ಯಾರೋ ತೆತ್ತಿದ್ದರೂ ಯಾವ ಲೆಕ್ಕಕ್ಕೂ ಸೇರದ ಬೆಲೆಯೆಲ್ಲ ಅಲ್ಲಿಗೆ ಬರುತ್ತಿತ್ತು: ಹಳ್ಳಿಖೇಡದ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಯ ಸರದಿಗೆ ಕಾಯುವ ಟ್ರ್ಯಾಕ್ಟರ್ ಚಾಲಕನ ದಿನ, ಬಸ್ಸು ತಪ್ಪಿದ ವಿದ್ಯಾರ್ಥಿನಿಯ ಪಾಠ. ಇದೇ ವಿಷಯದ ಮೇಲೆ ನಾನು ಅಡಿಟಿಪ್ಪಣಿಗಳಿಂದ ಕಿಕ್ಕಿರಿದ ಮಹಾಪ್ರಬಂಧ ಬರೆದಿದ್ದೆ. ಅವರಿಗೆ ಒಂದು ಪದ ಸಾಕಾಯಿತು.

ನನ್ನ ಚಿಕ್ಕಪ್ಪನ ಮಗ ತನ್ನ ಬೇಳೆ ಗಿರಣಿಗೆ ಸೌರ ಫಲಕ ಹಾಕಿಸುವುದು ಲಾಭವೇ ಎಂದು ಕೇಳಲು ನನ್ನ ಮನೆಯ ಮುಂದೆಯೇ ಹಾದು ಅವರಲ್ಲಿಗೆ ಹೋದ. ಕಾರಣ ಕೇಳಿದರೆ, “ನೀ ಹೇಳಿದ್ದು ತಿಳೀಬೇಕಂದ್ರ ನಾ ಮತ್ತ ಕಾಲೇಜಿಗಿ ಹೋಗ್ಬೇಕಾತದ, ಅಣ್ಣಾ!” ಎಂದ. ಅವನ ಗಿರಣಿಯ ಚಾವಣಿಯನ್ನು ಈಗಲೂ ನಾನು ನೋಡದೆ ದಾಟುತ್ತೇನೆ.

ಬಸವಕಲ್ಯಾಣದ ನೀರಿನ ಸಭೆಗೆ ನಮ್ಮಿಬ್ಬರನ್ನೂ ತಜ್ಞರೆಂದು ಕರೆದಿದ್ದರು. ಅದು ಯುಗಾದಿಗೆ ಮುಂಚೆ ನಡೆದದ್ದೆಂದು ಬಹಳ ಕಾಲ ನಂಬಿದ್ದೆ. ಆಹ್ವಾನಪತ್ರದೊಡನೆ ತಾಳೆ ನೋಡಿದಾಗ ಯುಗಾದಿಯ ನಂತರದ್ದೆಂದು ಖಚಿತವಾಯಿತು. ರಾತ್ರಿ ವಿದ್ಯುತ್ ದರ ಕಡಿಮೆಯಾದ್ದರಿಂದ ರಾತ್ರಿಯೇ ಪಂಪು ನಡೆಸಿ, ಕೆಟ್ಟುಹೋದ ನೀರಿನ ಟಾಕಿಯನ್ನು ಬಿಟ್ಟು ನೇರವಾಗಿ ನಲ್ಲಿಗಳಿಗೆ ನೀರು ಬಿಡಬೇಕೆಂಬುದು ಪ್ರಸ್ತಾವ. ಕೆಲವು ಓಣಿಗಳಲ್ಲಿ ಪ್ರಯೋಗವೂ ಶುರುವಾಗಿತ್ತು. ಸಭೆ ಒಪ್ಪಿದರೆ ಇಡೀ ಊರಿಗೆ ಅದೇ ಕ್ರಮ.

“ಟಾಕಿ ರಿಪೇರಿ ಖರ್ಚೂ ಉಳೀತದ್ರಿ,” ಎಂದರು ಇಂಜಿನಿಯರರು. ಎಡಹುಬ್ಬು ಏರಿತು.

“ರಾತ್ರಿ ಎದ್ದು ನೀರು ಹಿಡಿಯೋರು ಯಾರ್ರಿ?”

“ಮನ್ಯಾಗ ಹೆಣ್ಮಕ್ಕಳು ಇರ್ತಾರಲ್ರಿ, ಅಕ್ಕೋರೆ.”

“ಅವರು ಪುಕಟ್ ಏನು?” ಎಂದು ಅಕ್ಕೋರು ಬಾಗಿಲ ಬಳಿ ಕುಳಿತಿದ್ದ, ಪ್ರಯೋಗದ ಓಣಿಯ ಕೂಲಿ ಹೆಂಗಸಿನತ್ತ ತಿರುಗಿದರು. “ನೀವ ಹೇಳ್ರಿ ಅವ್ವಾ, ಮರುದಿನ ಹ್ಯಾಂಗ ಆತದ?”

“ಹ್ಯಾಂಗ ಅಂತ ಹೇಳ್ಲಿರಿ? ಕಣ್ಣು ಉರೀತಾವ. ಏಳಾಕ ತಡ ಆದ್ರ ಕೂಲಿಗಾಡಿ ನಮಗ ನಿಲ್ಲಲ್ಲ. ಈ ಸಾಹೇಬ್ರು ಬಂದು ನಮ್ಮ ಕೊಡ ತುಂಬಲಿ, ನಾವು ಮಲ್ಕೋತೀವಿ!”

ಇಂಜಿನಿಯರರೂ ನಕ್ಕರು. ಆ ಹೆಂಗಸರ ನಿದ್ದೆ, ತಪ್ಪಿದ ಕೂಲಿ ಎರಡನ್ನೂ ಕೊನೆಯ ಕಾಲಮ್ಮಿಗೆ ಸೇರಿಸಿದಾಗ ಉಳಿತಾಯ ಕರಗಿಹೋಯಿತು. ಟಾಕಿ ದುರಸ್ತಿ ಮಾಡಿ ರಾತ್ರಿ ತುಂಬಿಸುವುದು, ಬೆಳಗ್ಗೆ ಬಿಡುವುದು ಎಂದು ತೀರ್ಮಾನವಾಯಿತು. ಹೊರಬರುವಾಗ ಅಕ್ಕೋರು ಮೆಲ್ಲಗೆ, “ಡಾಕ್ಟರ್ ಸಾಹೇಬ್ರ, ನಿಮ್ಮ ಸಿದ್ಧಾಂತನೇ ಇದು. ನೀವ್ಯಾಕ ಸುಮ್ಮ ಕುಂತ್ರಿ?” ಎಂದರು. ಆ ಔದಾರ್ಯ ನನ್ನನ್ನು ಇನ್ನಷ್ಟು ಸುಟ್ಟಿತು.

ಕಳೆದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅವರ ಕೆಲಸವನ್ನು ಕಾಲಾನುಕ್ರಮದಲ್ಲಿ, ಒಂದು ವರ್ಷವೂ ತಪ್ಪದಂತೆ ವಿವರಿಸಿದೆ. ಸಭಿಕರು ಗೌರವದಿಂದ ಆಕಳಿಸಿದರು. ಬಳಿಕ ಅದೇ ಕೂಲಿ ಹೆಂಗಸು ಎದ್ದು, “ನಂಗ ಭಾಷಣ ಬರಲ್ರಿ. ಅಕ್ಕೋರ ದೆಸಿಂದ ನಮ್ಮ ಓಣಿ ರಾತ್ರಿ ನಿದ್ದಿ ಮಾಡಾಕತ್ತದ,” ಎಂದು ಕುಳಿತಳು. ಎಲ್ಲರೂ ಕಣ್ಣೊರೆಸಿಕೊಂಡರು.

ನನ್ನ ಪ್ರಬಂಧಗಳಿಂದಲೂ ಅನೇಕರು ನಿದ್ದೆ ಹೋಗಿದ್ದಾರೆ. ಆದರೆ ಯಾರೂ ಎದ್ದು ನಿಂತು ಅದಕ್ಕಾಗಿ ನನ್ನನ್ನು ನೆನೆಯಲಾರರು.