ಅರ್ಧ ಮುಚ್ಚಳದ ನ್ಯಾಯ

ಕೊರೊನಾ ಗಲಾಟೆ ಮುಗಿದ ಮರುವರ್ಷ. ನಾನಾಗ ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಈಗ ಹಾಸನದಲ್ಲಿ ಫ್ಯಾನಿನ ಕೆಳಗೆ ಕೂತು ಕಂಪ್ಯೂಟರಿಗೆ ಅಂಕಿ ತುಂಬುತ್ತೇನೆ. ಇದಕ್ಕೆ ಬಡ್ತಿ ಅಂತ ಹೆಸರು. ಆಗಿನ ಸ್ಕೂಟಿ, ನಾಲೆ ಏರಿಯ ದಾರಿ, ಬೇಡವೆಂದರೂ ಬರುತ್ತಿದ್ದ ಕಾಫಿ ನೆನಪಾದಾಗ ಈ ಬಡ್ತಿ ಬೇಕಿತ್ತಾ ಅನಿಸುತ್ತದೆ.

ಆ ಊರಲ್ಲಿ ಸಾಕಮ್ಮ ಎಂಬ ಅಜ್ಜಿಯದು ಕೂಡುಕುಟುಂಬ. ಇಬ್ಬರು ಸೊಸೆಯರು, ಒಂದೇ ಅಡುಗೆಮನೆ. ದೊಡ್ಡ ಸೊಸೆ ಭವ್ಯಳ ಮಗಳು ಧನ್ಯ, ನಾಲ್ಕು ವರ್ಷದವಳು. ಚಿಕ್ಕ ಸೊಸೆಯ ಮಗ ಚಿರು, ಅವಳಿಗಿಂತ ಸಣ್ಣವನು. ಧನ್ಯಳಿಗೆ ಜ್ವರ ಬಂದು, ಉಸಿರು ಜೋರಾಗಿ ಓಡತೊಡಗಿತು. ನಾನೇ ಹಾಸನದ ಮಕ್ಕಳ ಡಾಕ್ಟರ ಬಳಿಗೆ ಕಳಿಸಿದೆ. ನ್ಯುಮೋನಿಯಾ ಶುರುವಾಗಿದೆ ಎಂದು ಅವರು ಆಂಟಿಬಯೋಟಿಕ್ ಸಿರಪ್ ಬರೆದರು. ಐದು ದಿನ, ಬೆಳಿಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ.

ಮೂರನೇ ದಿನ ನೋಡಲು ಹೋದೆ. ಮಗು ತಾಯಿಯ ಮಡಿಲಲ್ಲಿ ಸೊರಗಿ ಮಲಗಿತ್ತು, ಮೈ ಇನ್ನೂ ಸುಡುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ‘ಔಷಧಿ ಹಿಡಿಯುತ್ತಿಲ್ಲ ಅಂದರೆ ಅಡ್ಮಿಟ್ ಮಾಡಬೇಕಾಗುತ್ತೆ. ಮೊದಲು ಸರಿಯಾಗಿ ಕೊಡ್ತಿದ್ದಾರಾ ಕೇಳಿ’ ಅಂದರು.

‘ಒಂದೊತ್ತೂ ತಪ್ಸಿಲ್ಲ ಸಿಸ್ಟರ್’ ಅಂದಳು ಭವ್ಯ.

‘ಎಷ್ಟು ಕೊಟ್ಟೆ?’

ಅವಳು ಅತ್ತೆಯ ಮುಖ ನೋಡಿದಳು. ‘ಅರ್ಧ ಮುಚ್ಚಳ.’

ಸಾಕಮ್ಮ ಎಲೆಅಡಿಕೆ ಅಗಿಯುತ್ತಲೇ ವಿವರಣೆ ಕೊಟ್ಟಳು: ‘ಇನ್ನರ್ಧ ಚಿರುಗೆ ಕಣವ್ವ. ಅವುನ್ಗೂ ಮೂಗು ಸೋರ್ತಾ ಐತೆ. ಒಂದೇ ಮನೇಲಿ ಒಂದು ಮಗಿಗೆ ಔಸ್ದಿ, ಇನ್ನೊಂದಕ್ಕಿಲ್ಲ ಅಂದ್ರೆ ಎಂಗೆ? ಚಿಕ್ಕೋಳು ಮಕ ಊದುಸ್ಕತಾಳೆ.’

‘ನಾನ್ಯಾವತ್ತು ಊದುಸ್ಕಂಡೆ ಅತ್ತೆ?’ ಒಳಗಿನಿಂದ ಚಿಕ್ಕ ಸೊಸೆಯ ದನಿ.

‘ಈಗ ಊದುಸ್ಕಂಡಿದ್ದೀಯಲ್ಲ, ಅದೇ ಕಣೆ.’

ನಗು ಬಂತು, ನುಂಗಿಕೊಂಡೆ. ಆ ಮನೆಯಲ್ಲಿ ಬಿಸ್ಕತ್ತೂ ಸಮಪಾಲು, ಮೊಟ್ಟೆಯೂ ಸಮಪಾಲು. ಔಷಧಿಯೂ ಅದೇ ಲೆಕ್ಕಕ್ಕೆ ಬಿದ್ದಿತ್ತು. ಅರ್ಧ ಡೋಸಿಗೆ ಧನ್ಯಳ ಎದೆಯ ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ. ಉಳಿದವು ಔಷಧಿಗೇ ಪಳಗಿಬಿಡಬಹುದು. ಚಿರುವಿನದು ವೈರಸ್ ನೆಗಡಿ, ಅದಕ್ಕೆ ಆಂಟಿಬಯೋಟಿಕ್ ತಾಗುವುದೇ ಇಲ್ಲ. ಒಬ್ಬಳಿಗೆ ಪೂರ್ತಿ ಬೇಕು, ಇನ್ನೊಬ್ಬನಿಗೆ ಏನೂ ಬೇಡ. ಇಷ್ಟನ್ನೂ ಹೇಳಿದೆ. ಅಜ್ಜಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: ‘ಅಂಗಾದ್ರೆ ಅವುನ್ಗೆ ಏನೂ ಇಲ್ವಾ?’

ನನ್ನ ಪಾಠವೆಲ್ಲ ಅಲ್ಲಿಗೆ ನಿಂತಿತು. ಬ್ಯಾಗಿನಲ್ಲಿ ಮೂಗಿಗೆ ಬಿಡುವ ಸಲೈನ್ ಡ್ರಾಪ್ಸ್ ಇತ್ತು. ತೆಗೆದು ಅವಳ ಕೈಗೆ ಕೊಟ್ಟೆ. ‘ಇದು ಚಿರುದು ಅಜ್ಜಿ. ಬರೀ ಉಪ್ಪುನೀರು, ಮೂಗು ಬಿಡಿಸುತ್ತೆ ಅಷ್ಟೆ. ಸಿರಪ್ ಧನ್ಯಂದು. ಒಬ್ಬರದು ಒಬ್ಬರಿಗೆ ಒಂದು ತೊಟ್ಟೂ ಹೋಗಬಾರದು.’

ಸಾಕಮ್ಮ ಎರಡು ಬಾಟಲಿಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. ‘ಅವುನ್ದು ಸಣ್ಣದು.’

‘ಅವನೂ ಸಣ್ಣವನೇ ಅಲ್ವಾ?’

ನ್ಯಾಯ ಒಪ್ಪಿಗೆಯಾಯಿತು. ಮತ್ತೆ ಫೋನ್ ಮಾಡಿದಾಗ ಡಾಕ್ಟರು ಹೊಸ ಬಾಟಲಿ ತರಿಸಿ, ಅವತ್ತಿನಿಂದಲೇ ಐದು ದಿನ ಎಣಿಸಲು ಹೇಳಿದರು. ನಾಳೆ ಸಂಜೆಯೊಳಗೆ ಜ್ವರ ಇಳಿಯದಿದ್ದರೆ, ಅಥವಾ ಉಸಿರು ಇನ್ನೂ ಜೋರಾದರೆ, ಹಾಸನಕ್ಕೆ ಬರಬೇಕು ಎಂದೂ ಅಂದರು. ಮರುದಿನವೆಲ್ಲ ನನ್ನ ಜೀವ ಫೋನಿನಲ್ಲೇ ಇತ್ತು. ಸಂಜೆ ಹೋದರೆ ಧನ್ಯ ಎದ್ದು ಕೂತು, ಖಾರಾಪುರಿ ಬೇಕೆಂದು ರಚ್ಚೆ ಹಿಡಿದಿದ್ದಳು. ಉಸಿರು ತಗ್ಗಿತ್ತು. ಅಷ್ಟು ಚೆಂದದ ರಚ್ಚೆಯನ್ನು ನಾನು ಆಮೇಲೆ ಕೇಳಿಲ್ಲ.

ಅಪ್ಪ ಅಮ್ಮಂದಿರಿಗೆ ಆಂಟಿಬಯೋಟಿಕ್ ಗೊತ್ತಿಲ್ಲ, ಬುದ್ಧಿ ಹೇಳಿ ಎಂದು ಮೀಟಿಂಗಿನಲ್ಲಿ ಸಲೀಸಾಗಿ ಹೇಳುತ್ತಾರೆ. ಬುದ್ಧಿ ಹೇಳುವ ಮೊದಲು ಆ ಮನೆಯಲ್ಲಿ ಯಾರು ಯಾರಿಗೆ ಅಂಜುತ್ತಾರೆ ಎಂದು ನೋಡಬೇಕು. ಕೆಲಸ ನನಗೆ ಕಲಿಸಿದ್ದು ಅದು.

ಸಿರಪ್ ಪೂರ್ತಿ ಮುಗಿದ ದಿನ ಇಬ್ಬರು ಮಕ್ಕಳೂ ಅಂಗಳದಲ್ಲಿ ಜಗಳವಾಡುತ್ತಿದ್ದರು. ‘ಚಿರುದು ಉಪ್ಪುನೀರಲ್ಲೇ ವಾಸಿ ಆಗೋಯ್ತು ಕಣವ್ವ’ ಅಂದಳು ಸಾಕಮ್ಮ.

‘ಅದಿಲ್ಲದಿದ್ದರೂ ಆಗ್ತಿತ್ತು ಅಜ್ಜಿ.’

ಅವಳು ಅಡುಗೆಮನೆ ಕಡೆ ತಿರುಗಿ ನೋಡಿ ದನಿ ತಗ್ಗಿಸಿದಳು. ‘ನಂಗೊತ್ತು. ಚಿಕ್ಕೋಳ್ಗೆ ಯೋಳ್ಬ್ಯಾಡ.’