ಕಾಜುವಿನ ಮನೆಯವರು

ಜಯಲತಾಗೆ ನಾಯಿಗಳ ಹುಚ್ಚು ಹಿಡಿದದ್ದು ತಡವಾಗಿ. ಕಾರ್ಕಳದ ಕಡೆಯಿಂದ ಮದುವೆಯಾಗಿ ಕೋಪರಖೈರಣೆಗೆ ಬಂದವಳು, ವಾಶಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಅರ್ಧ ಆಯುಷ್ಯ ಕಳೆದಳು. ಗಂಡ ತೀರಿಕೊಂಡು, ಹೋಟೆಲೂ ಮುಚ್ಚಿದ ಮೇಲೆ ಗೆಳತಿ ಚಂಪಾ ಅವಳನ್ನು ಕಲ್ಯಾಣದಾಚೆ ಬೀದಿಪಾಲಾದ ನಾಯಿಗಳನ್ನು ಸಾಕುವ ಶೆಲ್ಟರಿಗೆ ಕರೆದೊಯ್ದಳು. ಆಮೇಲೆ ಜಯಲತಾ ಆ ಜಾಗ ಬಿಡಲಿಲ್ಲ.

ಅನ್ನ ಬೇಯಿಸಲಿಕ್ಕೆ, ಮದ್ದು ಹಚ್ಚಲಿಕ್ಕೆ ಬೇರೆಯವರಿದ್ದರು. ಇವಳು ಮೈಮೇಲೆ ಹಾಕಿಕೊಂಡದ್ದು, ಬಂದ ನಾಯಿ ಯಾರ ಮನೆಯದೆಂದು ಹುಡುಕುವ ಕೆಲಸ. ಡೊಂಬಿವಲಿಯ ಟೀಚರೊಬ್ಬಳು ಕಳೆದುಹೋದ ತನ್ನ ನಾಯಿಯನ್ನು ಕಂಡು ನೆಲದಲ್ಲೇ ಕೂತು ಅತ್ತದ್ದನ್ನು ನೋಡಿದಂದಿನಿಂದ ಅವಳಿಗೆ ಒಂದೇ ನಂಬಿಕೆ: ಇಲ್ಲಿಗೆ ಬಂದ ಪ್ರತಿ ನಾಯಿಗಾಗಿಯೂ ಎಲ್ಲೋ ಒಂದು ಮನೆಯಲ್ಲಿ ಯಾರೋ ಅಳುತ್ತಿರುತ್ತಾರೆ.

ಮಳೆಗಾಲದಲ್ಲಿ ಹೈವೇ ಬದಿಯಿಂದ ಒಂದು ಮುದಿ ಲ್ಯಾಬ್ರಡಾರ್ ಬಂತು. ಗೋಡಂಬಿ ಬಣ್ಣ. ಎಡಗಿವಿಯ ಅಂಚು ಹರಿದಿತ್ತು, ಬಾಲದ ತುದಿ ಸೊಟ್ಟಗಿತ್ತು. ಡಾಕ್ಟರು ಕತ್ತಿನ ಮೇಲೆ ಮೆಷಿನ್ ಆಡಿಸಿದಾಗ ಚರ್ಮದಡಿ ಗುರುತಿಗೆ ಹಾಕಿದ್ದ ಮೈಕ್ರೋಚಿಪ್‌ನ ನಂಬರು ಸಿಕ್ಕಿತು. ಅದನ್ನು ಹಿಡಿದು ವಿಚಾರಿಸುತ್ತ ಹೋದರೆ, ಮರಿ ಮಾರುವ ಹಿತೇಶ್‌ನ ಹೆಸರು ಬಂತು.

"ಥಾಣೆ ನೌಪಾಡಾದ ಹೋಟೆಲ್‌ವಾಲಾ ಕುಶಲ ಸೇಟ್," ಎಂದ ಅವನು. "ಮಗಳ ಬರ್ತ್‌ಡೇಗೆ ಒಯ್ದಿದ್ದರು."

ಮಗಳು ಅನುಷ್ಕಾ ಮೊಬೈಲಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದ ಹಳೆಯ ಫೋಟೋಗಳು ಸಿಕ್ಕವು. ಕೇಕಿನ ಪಕ್ಕ ಅದೇ ಹರಿದ ಕಿವಿ, ಅದೇ ಸೊಟ್ಟ ಬಾಲ. ಹೆಸರು ಕಾಜು. ಜಯಲತಾ ಕುಶಲನಿಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಹೊಸ ನಂಬರೆಂದು ಎತ್ತಿರಲಿಕ್ಕಿಲ್ಲ ಎಂದುಕೊಂಡು, ನಾಯಿಗೆ ಸ್ನಾನ ಮಾಡಿಸಿ, ಶೆಲ್ಟರಿನ ಗಾಡಿಯಲ್ಲಿ ತಾನೇ ಥಾಣೆಗೆ ಹೊರಟಳು.

ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಎದ್ದುನಿಂತ. "ಅರೆ, ಕಾಜು," ಎಂದು ತಲೆ ಸವರಿದ. ನಾಯಿ ಜಯಲತಾಳನ್ನು ಎಳೆದುಕೊಂಡೇ ಲಿಫ್ಟಿನ ಬಾಗಿಲಿಗೆ ಹೋಗಿ ಕೂತಿತು.

ವಾಚ್‌ಮನ್ ಮೇಲಕ್ಕೆ ಫೋನ್ ಮಾಡಿದ ಮೇಲೆ ಕುಶಲ ಕೆಳಗೆ ಬಂದ. ನಾಯಿ ಅವನ ಕಾಲಿಗೆ ಮೈ ಉಜ್ಜಿತು. ಅವನು ಪ್ಯಾಂಟು ಝಾಡಿಸಿಕೊಂಡ.

"ಇದು ನಮ್ಮದಲ್ಲ. ಈ ಜಾತಿಯವೆಲ್ಲ ಹೀಗೇ ಇರುತ್ತವೆ."

"ಚಿಪ್ ಉಂಟಲ್ಲ ಅಣ್ಣ. ಕಿವಿ ನೋಡಿ."

ಕರಾವಳಿಯ ಆ 'ಉಂಟು' ಕೇಳಿದ್ದೇ ಅವನು ತುಳುವಿಗೆ ತಿರುಗಿದ. ಊರು ಯಾವುದು, ಯಾರ ಪೈಕಿ ಎಂದು ಕೇಳಿ, ದನಿ ಇಳಿಸಿ ಒಪ್ಪಿಕೊಂಡ. ಮನೆಗೆ ಹೊಸ ಇಂಟೀರಿಯರ್ ಮಾಡಿಸಿದ್ದಾಗಿತ್ತು. ನಾಯಿ ಮುದಿಯಾಗಿ ಎಲ್ಲೆಂದರಲ್ಲಿ ಉಚ್ಚೆ ಮಾಡುತ್ತಿತ್ತು. ಡ್ರೈವರಿಗೆ ದೂರ ಬಿಟ್ಟು ಬಾ ಎಂದಿದ್ದ. "ನಮ್ಮೂರಿನವರು ನೀವು, ಅಕ್ಕ. ಇಲ್ಲಿ ನನ್ನ ಮರ್ಯಾದೆ ತೆಗೀಬೇಡಿ."

ಊರಿನ ಹೆಸರು ಇದಕ್ಕೆ ಬೇಕಾಯಿತಲ್ಲ ಎಂದು ಜಯಲತಾಳ ಬಾಯಿ ಕಹಿಯಾಯಿತು. "ಮಗಳಿಗೆ ಗೊತ್ತುಂಟಾ?"

"ಸತ್ತಿತು ಅಂತ ಹೇಳಿದ್ದೇವೆ."

ಆಗಲೇ ಲಿಫ್ಟು ತೆರೆದು ಅನುಷ್ಕಾ ಬಂದಳು, ಕಾಲೇಜಿನ ಬ್ಯಾಗ್ ಹೆಗಲಿಗೆ. ನಾಯಿ ಕುಂಯ್‌ಗುಡುತ್ತ ಅವಳ ಮೇಲೆ ಬಿತ್ತು. ಹುಡುಗಿಯ ಕೈ ತಾನಾಗಿ ಆ ಹರಿದ ಕಿವಿಗೆ ಹೋಯಿತು. ಜಯಲತಾ ಉಸಿರು ಬಿಟ್ಟಳು. ಇನ್ನೇನು ಎಲ್ಲ ಸರಿಹೋಯಿತು ಎನಿಸಿತು. ಅನುಷ್ಕಾ ಅಪ್ಪನ ಮುಖ ನೋಡಿದಳು, ವಾಚ್‌ಮನ್‌ನನ್ನು ನೋಡಿದಳು. ಕೈ ಹಿಂದಕ್ಕೆ ತೆಗೆದಳು.

"ಯೇ ಹಮಾರಾ ನಹೀ ಹೈ, ಆಂಟಿ," ಎಂದು ಅಪ್ಪನ ಮಾತನ್ನೇ ಹಿಂದಿಯಲ್ಲಿ ಹೇಳಿ ಗೇಟಿನತ್ತ ನಡೆದುಬಿಟ್ಟಳು.

ನಾಯಿ ಅಲ್ಲಿಂದ ಏಳಲೊಲ್ಲದು. ಜಯಲತಾ, ವಾಚ್‌ಮನ್ ಸೇರಿ ಎತ್ತಿ ಗಾಡಿಗೆ ಹಾಕಬೇಕಾಯಿತು. ದಾರಿಯುದ್ದಕ್ಕೂ ಅದು ಹಿಂದಿನ ಗಾಜಿಗೆ ಮೂತಿ ಒತ್ತಿಕೊಂಡಿತ್ತು. ಡೊಂಬಿವಲಿಯ ಟೀಚರಂಥವರು ಎಷ್ಟು ಮಂದಿ, ಈ ಕುಶಲನಂಥವರು ಎಷ್ಟು ಮಂದಿ ಎಂದು ಅವಳು ಲೆಕ್ಕ ಹಾಕುತ್ತಿದ್ದಳು.

ಒಂದು ವಾರ ಬಿಟ್ಟು ಅನುಷ್ಕಾಳ ಫೋನ್ ಬಂತು. ಇವಳ ನಂಬರು ಹಿತೇಶ್ ಕೊಟ್ಟಿದ್ದನಂತೆ.

"ಆಂಟಿ, ಅದು ಊಟ ಮಾಡ್ತದಾ?"

"ಸರಿಯಾಗಿ ಇಲ್ಲ. ಬಂದು ನೋಡು."

"ಸಂಡೇ ಬರ್ತೇನೆ."

ಆ ಭಾನುವಾರ ಬರಲಿಲ್ಲ, ಮುಂದಿನದಕ್ಕೂ ಇಲ್ಲ. ದಸರೆಗೆ ಮುಂಚೆ ಕಾಜು ಸತ್ತಿತು. ಚಂಪಾ ಹುಡುಗಿಗೆ ತಿಳಿಸೋಣ ಎಂದಳು.

"ಅವರಿಗೆ ಅದು ಯಾವತ್ತೋ ಸತ್ತಿದೆ," ಎಂದು ಜಯಲತಾ ಗುಂಡಿ ತೋಡಲು ಹಾರೆ ಎತ್ತಿಕೊಂಡಳು.